ಹೊಸಬರಿಗೆ ಫ್ಲೈಟ್ ಸಿಮ್ಯುಲೇಟರ್: ದುಡ್ಡು ಹಾಕುವ ಮೊದಲು ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ನಿಜದ ಹಾಗೆ ವಿಮಾನ ಹಾರಿಸುವ ಆಟದ ಬಗ್ಗೆ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಉಪ್ಪಳ ಕಡೆಯ ಹುಡುಗರಿಂದ ಬರುವ ದೂರುಗಳು ಹೆಚ್ಚುಕಮ್ಮಿ ಮೂರೇ ಬಗೆಯವು. "ಆಟ ಕೊಂಡಾಯಿತು, ಡೌನ್‌ಲೋಡ್ ಮುಗಿಯುವುದೇ ಇಲ್ಲ." "ಡೌನ್‌ಲೋಡ್ ಆಯಿತು, ಆದರೆ ತಡೆತಡೆದು ನಡೆಯುತ್ತದೆ, ಲ್ಯಾಪ್‌ಟಾಪ್ ಕೆಂಡದ ಹಾಗೆ ಬಿಸಿ." "ಎಲ್ಲ ಸರಿ ಉಂಟು, ಆದರೆ ವಿಮಾನ ರನ್‌ವೇಯಲ್ಲೇ ಎಡಕ್ಕೆ ಎಳೆದು ಹುಲ್ಲಿಗೆ ಹೋಗುತ್ತದೆ ಮಾರಾಯ್ರೇ, ಆಟವೇ ಹಾಳು." ಮೊದಲ ಎರಡು ತಮಗೆ ಹೊಂದದ ಆಟ ಆರಿಸಿದ್ದರ ಫಲ. ಮೂರನೆಯದರಲ್ಲಿ ಆಟದ ತಪ್ಪೇನೂ ಇಲ್ಲ. ನಿಜವಾದ ಸೆಸ್ನಾ (ಪೈಲಟ್ ಕಲಿಯುವವರು ಹಾರಿಸುವ ಒಂದೇ ಎಂಜಿನ್ನಿನ ಸಣ್ಣ ವಿಮಾನ) ಕೂಡ ಹಾಗೆಯೇ ಎಳೆಯುತ್ತದೆ. ಅದರ ವಿಷಯ ಆರನೇ ಹಂತದಲ್ಲಿ ಬರುತ್ತದೆ.

ಎಲ್ಲರೂ ಮಾಡುವ ಕ್ರಮ ಹೀಗೆ: ಯೂಟ್ಯೂಬ್ ನೋಡಿ ಆಟ ಕೊಳ್ಳುವುದು, ಆಮೇಲೆ ಕಂಪ್ಯೂಟರಿಗೆ ಆಗುತ್ತದಾ ಎಂದು ವಿಚಾರಿಸುವುದು, ಅದಾದ ಮೇಲೆ ನೆಟ್ಟಿನ ನೆನಪು, ಜಾಯ್‌ಸ್ಟಿಕ್ಕಿನ ಹೊತ್ತಿಗೆ ಕೈ ಖಾಲಿ. ಈ ಕ್ರಮವನ್ನು ಪೂರ್ತಿ ತಿರುಗಿಸಿ ಹಾಕಿದರೆ ಮುಕ್ಕಾಲು ಪಾಲು ತೊಂದರೆ ಹುಟ್ಟುವುದೇ ಇಲ್ಲ. ಆಟ ಕೊಳ್ಳುವುದು ಕೊನೆಯ ಹಂತ. ಅಲ್ಲಿಯವರೆಗೆ ಬೇಕಾಗುವುದೆಲ್ಲ ಪುಕ್ಕಟೆ ಸಿಗುತ್ತದೆ.

ಕೈಯಲ್ಲಿ ಇರಬೇಕಾದದ್ದು

ನಿಮ್ಮದೇ ಕಂಪ್ಯೂಟರ್ ಅಥವಾ ಲ್ಯಾಪ್‌ಟಾಪ್, ಯಾರದ್ದಾದರೂ ಗೇಮ್‌ಪ್ಯಾಡ್ ಅಥವಾ ಜಾಯ್‌ಸ್ಟಿಕ್ (ಎರವಲು ತಂದರೂ ಸಾಕು), ಕಾಗದ, ಪೆನ್ನು. ಕಾಗದ ಪೆನ್ನು ಯಾಕೆ ಎಂದರೆ, ಮುಂದೆ ಐದಾರು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು. ಅಂಗಡಿಯವನ ಮಾತಿಗಿಂತ ಆ ಅಂಕಿಗಳನ್ನು ನಂಬಿ.

## ಹಂತ 1: ಯಾವ ಬಗೆಯ ಹಾರಾಟ ಬೇಕೆಂದು ಬರೆಯಿರಿ

"ರಿಯಲಿಸ್ಟಿಕ್ ಬೇಕು" ಎಂದರೆ ಏನೂ ಹೇಳಿದ ಹಾಗಾಗಲಿಲ್ಲ. ಒಬ್ಬನಿಗೆ ಬೇಕಾದದ್ದು ಬೇಕಲ ಕೋಟೆಯ ಮೇಲೆ ಹಾರಿ ತನ್ನ ಮನೆ ಎಲ್ಲಿ ಎಂದು ಹುಡುಕುವುದು. ಇನ್ನೊಬ್ಬನಿಗೆ ಮಂಗಳೂರಿನಿಂದ ದುಬಾಯಿಗೆ ಹೋಗುವ ಬೋಯಿಂಗ್ 737ರ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಬೇಕು. ಮತ್ತೊಬ್ಬನಿಗೆ ಫೈಟರ್ ಜೆಟ್. ಈ ಮೂವರಿಗೂ ಒಂದೇ ಆಟ ಹೇಳುವವನು ನಿಮ್ಮ ಮಾತು ಕೇಳಿಸಿಕೊಂಡೇ ಇಲ್ಲ.

ಊರು ನೋಡುವ ಆಸೆಗೆ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಿಟ್ಟರೆ ಬೇರೆ ದಾರಿ ಕಡಿಮೆ. ಅದು ಬಿಂಗ್ ನಕ್ಷೆಯ ಉಪಗ್ರಹ ಚಿತ್ರಗಳನ್ನು ನೆಟ್ಟಿನ ಮೂಲಕ ತಂದು ನೆಲಕ್ಕೆ ಹಾಸುತ್ತದೆ. ವಿಮಾನದ ನಡತೆ, ಗಾಳಿ, ರೆಕ್ಕೆಯ ಲೆಕ್ಕಾಚಾರ ಮುಖ್ಯ ಎನ್ನುವವರಿಗೆ ಎಕ್ಸ್-ಪ್ಲೇನ್ 12 ಉಂಟು. ಅದು ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ನೋಡಿ, ಒಂದೊಂದು ತುಂಡಿನ ಮೇಲೆ ಬೀಳುವ ಬಲವನ್ನು ಹಾರುತ್ತಿರುವಾಗಲೇ ಲೆಕ್ಕ ಹಾಕುತ್ತದೆ. ಫೈಟರ್ ಬೇಕಾದವರಿಗೆ ಡಿಸಿಎಸ್ ವರ್ಲ್ಡ್. ಖರ್ಚಿಲ್ಲದೆ ಕಲಿಯಬೇಕಾದರೆ ಫ್ಲೈಟ್‌ಗಿಯರ್.

ಪ್ಲಸ್ ಟು ಮುಗಿಸಿ ಪೈಲಟ್ ಆಗಬೇಕೆಂದು ಹೊರಟವರಿಗೆ ಒಂದು ಮಾತು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಇಲ್ಲಿ 200 ಗಂಟೆಯ ನಿಜವಾದ ಹಾರಾಟ ಬೇಕು. ಮನೆಯಲ್ಲಿ ಆಡಿದ ಒಂದು ಗಂಟೆಯೂ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಚೆಕ್‌ಲಿಸ್ಟ್, ರೇಡಿಯೊ ಆವರ್ತನ ಹಾಕುವುದು, ಮೀಟರುಗಳನ್ನು ಓದುವುದು, ಇದಕ್ಕೆಲ್ಲ ಸಿಮ್ಯುಲೇಟರ್ ತುಂಬಾ ಉಪಯೋಗ. ಕೆಟ್ಟ ಅಭ್ಯಾಸವೂ ಒಂದು ಅಂಟಿಕೊಳ್ಳುತ್ತದೆ, ಸದಾ ಮೀಟರು ನೋಡುತ್ತ ಕೂರುವುದು. ತರಬೇತುದಾರರು ಅದನ್ನು ಬಿಡಿಸಲು ಕಷ್ಟಪಡುತ್ತಾರೆ. ಆದ್ದರಿಂದ ಹೊರಗೆ ದಿಗಂತ ನೋಡಿ ಹಾರಿಸುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ.

## ಹಂತ 2: ಕಂಪ್ಯೂಟರಿನ ಜಾತಕ ತೆಗೆಯಿರಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋದರೆ ಎಡಬದಿಯಲ್ಲಿ ಸಿಪಿಯು, ಮೆಮೊರಿ, ಡಿಸ್ಕ್, ಜಿಪಿಯು ಎಂದು ಸಾಲಾಗಿ ಕಾಣುತ್ತವೆ. ಒಂದೊಂದನ್ನೂ ಒತ್ತಿ, ಬಲಬದಿಯಲ್ಲಿ ಬರುವ ಹೆಸರು ಮತ್ತು ಅಂಕಿ ಬರೆದುಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ಜಿಪಿಯು, ಅಂದರೆ ಪರದೆಯ ಚಿತ್ರ ಮೂಡಿಸುವ ಭಾಗ. ಅಲ್ಲಿ ಒಂದೇ ಹೆಸರಿದ್ದು, ಅದು ಇಂಟೆಲ್ ಯುಎಚ್‌ಡಿ ಎಂದಿದ್ದರೆ ನಿಮ್ಮದು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್. ಬೇಸರ ಬೇಡ, ಫ್ಲೈಟ್‌ಗಿಯರ್ ಅದರಲ್ಲಿ ನಡೆಯುತ್ತದೆ. ಮೈಕ್ರೋಸಾಫ್ಟಿನ ಆಸೆ ಮಾತ್ರ ಬಿಟ್ಟುಬಿಡಿ. "ಸೆಟ್ಟಿಂಗ್ ಲೋ ಇಟ್ಟರೆ ಆಗುತ್ತದೆ" ಎಂದು ಯಾರೋ ಹೇಳುತ್ತಾರೆ. ಮೆನು ತೆರೆಯುವವರೆಗೆ ಆಗುತ್ತದೆ ಅಷ್ಟೆ.

ಇನ್ನು ತಯಾರಕರೇ ಹೇಳಿದ ಕನಿಷ್ಠ ಅಗತ್ಯ ನೋಡೋಣ. 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರಿಗೆ ಕನಿಷ್ಠ 8 ಜಿಬಿ ರ್‍ಯಾಮ್, 2 ಜಿಬಿ ಗ್ರಾಫಿಕ್ಸ್ ಮೆಮೊರಿ, 150 ಜಿಬಿ ಜಾಗ. 2024ರದ್ದಕ್ಕೆ ಕನಿಷ್ಠ 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್ ಮೆಮೊರಿ. ಜಾಗ ಮಾತ್ರ 50 ಜಿಬಿ ಸಾಕು. ಈ 50 ನೋಡಿ ಖುಷಿಪಟ್ಟವರು ಬಹಳ ಮಂದಿ. ಆ ಆಟ ಚಿಕ್ಕದಾದದ್ದಲ್ಲ. ಡಿಸ್ಕಿನಲ್ಲಿ ಇಡಬೇಕಾದದ್ದನ್ನು ಹಾರುವಾಗ ನೆಟ್ಟಿನಿಂದ ಎಳೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಡಿಸ್ಕಿನ ಭಾರವನ್ನು ನಿಮ್ಮ ನೆಟ್ಟಿನ ಮೇಲೆ ಹಾಕಿದ್ದಾರೆ.

ಕನಿಷ್ಠ ಎಂದು ಬರೆದದ್ದನ್ನು "ಆಟ ತೆರೆಯುತ್ತದೆ" ಎಂದು ಓದಿಕೊಳ್ಳಿ. ರೆಕಮೆಂಡೆಡ್ ಎಂದು ಬರೆದದ್ದನ್ನು "ನೆಮ್ಮದಿಯಾಗಿ ಆಡಬಹುದು" ಎಂದು ಓದಿಕೊಳ್ಳಿ. 2024ರದ್ದಕ್ಕೆ ಆ ರೆಕಮೆಂಡೆಡ್ ಸಾಲಿನಲ್ಲಿ 32 ಜಿಬಿ ರ್‍ಯಾಮ್, 8 ಜಿಬಿ ಗ್ರಾಫಿಕ್ಸ್ ಮೆಮೊರಿ ಉಂಟು.

ಎಚ್ಚರಿಕೆಯ ಲಕ್ಷಣಗಳು: ಡಿಸ್ಕ್ ಎಂಬಲ್ಲಿ ಎಚ್‌ಡಿಡಿ (ತಿರುಗುವ ತಟ್ಟೆಯ ನಿಧಾನ ಡಿಸ್ಕ್) ಎಂದಿದ್ದರೆ ದೊಡ್ಡ ಆಟ ಬೇಡ, ಮೊದಲು ವೇಗದ ಎಸ್‌ಎಸ್‌ಡಿ ಹಾಕಿಸಿ. ಆಟ ಶುರುವಾದ ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಆಮೇಲೆ ನಿಧಾನವಾದರೆ ಅದು ಬಿಸಿಯಿಂದ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಆಡಿದರೆ ಹೀಗೇ ಆಗುತ್ತದೆ. ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಯುಪಿಎಸ್ ಬೇಕೇ ಬೇಕು. ಸಿಡಿಲು ಮಿಂಚು ಇರುವಾಗ ಪ್ಲಗ್ ಕಿತ್ತಿಡುವುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೋಡೆಮಿನ ವಯರನ್ನೂ ಕೀಳಬೇಕೆಂಬುದು ಮರೆತುಹೋಗುತ್ತದೆ.

## ಹಂತ 3: ನೆಟ್ಟಿನ ಲೆಕ್ಕ

ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಲಾನಿನಲ್ಲಿ 150 ಜಿಬಿ ಇಳಿಸಲು 75 ದಿನ ಬೇಕು, ಅದೂ ಮನೆಯವರು ಯಾರೂ ವಾಟ್ಸಾಪ್ ಮುಟ್ಟದಿದ್ದರೆ. 10 ಎಂಬಿಪಿಎಸ್ ಲೈನಿನಲ್ಲಿ ಗಂಟೆಗೆ ಹೆಚ್ಚೆಂದರೆ 4.5 ಜಿಬಿ ಬರುತ್ತದೆ. ಹಾಗಾಗಿ ಅದೇ 150 ಜಿಬಿಗೆ ಸುಮಾರು 33 ಗಂಟೆ. ಮಧ್ಯೆ ಕರೆಂಟು ಹೋಗದಿದ್ದರೆ.

ಬಿಎಸ್ಎನ್ಎಲ್ ಫೈಬರ್ ಇರಲಿ, ಕೇರಳ ಸರ್ಕಾರದ ಕೆ-ಫೋನ್ ಇರಲಿ, ಊರಿನ ಕೇಬಲ್‌ನವರ ಲೈನ್ ಇರಲಿ, ಎರಡು ಸಂಗತಿ ಕೇಳಿ ತಿಳಿದುಕೊಳ್ಳಿ. ತಿಂಗಳಿಗೆ ಎಷ್ಟು ಜಿಬಿ ಆದ ಮೇಲೆ ವೇಗ ಇಳಿಸುತ್ತಾರೆ? ಇಳಿಸಿದ ಮೇಲೆ ಎಷ್ಟು ವೇಗ ಉಳಿಯುತ್ತದೆ? 2024ರ ಆಟಕ್ಕೆ ಕನಿಷ್ಠ 10 ಎಂಬಿಪಿಎಸ್, ನೆಮ್ಮದಿಗೆ 50 ಎಂಬಿಪಿಎಸ್ ಬೇಕೆಂದು ತಯಾರಕರೇ ಹೇಳಿದ್ದಾರೆ. ಮಿತಿ ದಾಟಿ ಲೈನ್ 2 ಎಂಬಿಪಿಎಸ್‌ಗೆ ಇಳಿದ ದಿನ ಮಂಗಳೂರು ಪೇಟೆ ಹಸಿರು ಮೇಣ ಕರಗಿ ಬಿದ್ದ ಹಾಗೆ ಕಾಣುತ್ತದೆ. ಆಗ ಗ್ರಾಫಿಕ್ಸ್ ಸೆಟ್ಟಿಂಗ್ ತಿರುವಿ ಪ್ರಯೋಜನವಿಲ್ಲ. ಸ್ಪೀಡ್ ಟೆಸ್ಟನ್ನು ರಾತ್ರಿ ಎಂಟರಿಂದ ಹತ್ತರ ಒಳಗೆ ಮಾಡಿ, ಏಕೆಂದರೆ ನೀವು ಆಡುವುದು ಆ ಹೊತ್ತಿನಲ್ಲಿ.

ನೆಟ್ ಇಷ್ಟು ಗಟ್ಟಿ ಇಲ್ಲದವರಿಗೆ ಎಕ್ಸ್-ಪ್ಲೇನ್ ವಾಸಿ. ಅದರ ಇನ್‌ಸ್ಟಾಲರಿನಲ್ಲಿ ಜಗತ್ತಿನ ನಕ್ಷೆ ಬರುತ್ತದೆ. ಬೇಕಾದ ಭಾಗ ಮಾತ್ರ ಆರಿಸಿ ಇಳಿಸಬಹುದು. ಒಮ್ಮೆ ಇಳಿಸಿದರೆ ಆಮೇಲೆ ಹಾರಲು ನೆಟ್ಟಿನ ಹಂಗಿಲ್ಲ. ಹೊಸಬರು "ಸೆಲೆಕ್ಟ್ ಆಲ್" ಒತ್ತಿ ತಾವು ಎಂದೂ ಹಾರದ ಖಂಡಗಳನ್ನೂ ಇಳಿಸಿಕೊಂಡು ಡಿಸ್ಕ್ ತುಂಬಿಸುತ್ತಾರೆ.

## ಹಂತ 4: ಪುಕ್ಕಟೆ ಸಿಗುವುದರಲ್ಲಿ ಕೈ ಕುದುರಿಸಿ

ಇಲ್ಲಿ ಅವಸರ ಮಾಡಿದವರೇ ಮುಂದೆ ದುಡ್ಡು ಕಳೆದುಕೊಳ್ಳುವುದು.

ಮೊದಲು ಫ್ಲೈಟ್‌ಗಿಯರ್. ಇದು 1997ರಿಂದ ಸ್ವಯಂಸೇವಕರು ಕಟ್ಟಿಕೊಂಡು ಬಂದ ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ವಿಶೇಷ ಅನುಕೂಲ, ಯಾಕೆಂದರೆ ಕೇರಳದ ಶಾಲೆಗಳಲ್ಲಿ ಕೈಟ್‌ನವರ (ಶಾಲಾ ಕಂಪ್ಯೂಟರ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಉಬುಂಟು ಎಂಬ ಲಿನಕ್ಸಿನ ಕಂಪ್ಯೂಟರಿನಲ್ಲೇ ಕೈ ಪಳಗಿರುತ್ತದೆ. ಮನೆಯಲ್ಲೂ ಉಬುಂಟು ಇದ್ದರೆ ಅದರ ಸಾಫ್ಟ್‌ವೇರ್ ಸಂಗ್ರಹದಲ್ಲೇ ಫ್ಲೈಟ್‌ಗಿಯರ್ ಸಿಗುತ್ತದೆ. ಶಾಲೆಯ ಲ್ಯಾಪ್‌ಟಾಪಿಗೆ ಮಾತ್ರ ಟೀಚರನ್ನು ಕೇಳದೆ ಹಾಕಬೇಡಿ.

ತೆರೆದ ಕೂಡಲೇ ಬರುವ ಪುಟದಲ್ಲಿ ವಿಮಾನ ಸೆಸ್ನಾ 172ಪಿ ಎಂದೇ ಇರಲಿ. ಸ್ಥಳ ಎಂಬಲ್ಲಿ ಮಂಗಳೂರಿನ ಸಂಕೇತ ಹಾಕಿ: ವಿ, ಒ, ಎಂ, ಎಲ್. ಕಣ್ಣೂರಿಗೆ ವಿ, ಒ, ಕೆ, ಎನ್. ನೆಲದ ಚಿತ್ರ ತಾನಾಗಿ ಇಳಿಯುವ ಆಯ್ಕೆಗೆ ಟಿಕ್ ಹಾಕಲು ಮರೆತರೆ ಬರೀ ಸಮುದ್ರ ಕಾಣುತ್ತದೆ. "ವಿಮಾನ ನೀರಿನಲ್ಲಿ ನಿಂತಿದೆ" ಎಂಬ ದೂರಿಗೆಲ್ಲ ಇದೇ ಕಾರಣ. ಹೆಲ್ಪ್ ಮೆನುವಿನಲ್ಲಿ ಇದೇ ಸೆಸ್ನಾಕ್ಕೆ ಪಾಠಗಳಿವೆ, ಎಂಜಿನ್ ಶುರು ಮಾಡುವುದರಿಂದ ಹಿಡಿದು ಇಳಿಯುವವರೆಗೆ. ಅಷ್ಟನ್ನು ಮುಗಿಸಿ.

ಚಿತ್ರ ಹಳೆಯ ಕಾಲದ್ದರ ಹಾಗೆ ಕಾಣುತ್ತದೆ ಎಂದು ಮೂಗು ಮುರಿಯಬೇಡಿ. ಚಂದದ ಮೋಡವಿದ್ದರೂ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಒತ್ತಿದಾಗ ಮೂಗು ತಿರುಗದಿದ್ದರೆ ಅದು ವಾಲ್‌ಪೇಪರ್.

ಎರಡನೆಯದು ಎಕ್ಸ್-ಪ್ಲೇನ್ 12ರ ಡೆಮೊ. ಇದರಲ್ಲಿ ಅಮೆರಿಕದ ಒಂದು ಊರಿನ ಸುತ್ತಮುತ್ತಲ ನೆಲ ಮಾತ್ರ, ಅದೂ ಒಂದು ಸಲಕ್ಕೆ ಇಂತಿಷ್ಟೇ ಹೊತ್ತು. ಮಂಗಳೂರು ಸಿಗುವುದಿಲ್ಲ. ಆದರೆ ಇದರ ಉಪಯೋಗ ಬೇರೆ: ನಿಮ್ಮ ಕಂಪ್ಯೂಟರ್ ಆ ಆಟವನ್ನು ತಾಳಿಕೊಳ್ಳುತ್ತದಾ ಎಂದು ಒಂದು ಪೈಸೆ ಖರ್ಚಿಲ್ಲದೆ ಗೊತ್ತಾಗುತ್ತದೆ. ವಿಂಡೋಸ್ ಕೀ ಮತ್ತು ಜಿ ಒಟ್ಟಿಗೆ ಒತ್ತಿದರೆ ಬರುವ ಪರ್ಫಾರ್ಮೆನ್ಸ್ ಪೆಟ್ಟಿಗೆಯಲ್ಲಿ ಎಫ್‌ಪಿಎಸ್ ಅಂಕಿ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂಬುದು, ಕಾಣುತ್ತದೆ. ವಿಮಾನ ನಿಲ್ದಾಣದ ಮೇಲೆ, ಮೋಡ ಇರುವಾಗ, ಅದು 30ಕ್ಕಿಂತ ಕೆಳಗೆ ಇಳಿಯದೆ ಸ್ಥಿರವಾಗಿದ್ದರೆ ಪಾಸು. 60ಕ್ಕೆ ಹಾರಿ 15ಕ್ಕೆ ಬೀಳುವುದಕ್ಕಿಂತ ಸ್ಥಿರವಾದ 30 ಎಷ್ಟೋ ಮೇಲು. ಇಳಿಯುವ ಕೊನೆಯ ಕ್ಷಣದಲ್ಲಿ ಚಿತ್ರ ತಡೆದರೆ ಎಂಥ ಪೈಲಟನೂ ರನ್‌ವೇಗೆ ಬಡಿಯುತ್ತಾನೆ.

ಡಿಸಿಎಸ್ ವರ್ಲ್ಡ್ ಕೂಡ ಪುಕ್ಕಟೆ. ಅದರೊಂದಿಗೆ ಎಸ್‌ಯು-25ಟಿ ಮತ್ತು ಟಿಎಫ್-51ಡಿ ಎಂಬ ಎರಡು ವಿಮಾನಗಳು ಬರುತ್ತವೆ. ಮೊದಲು ಟಿಎಫ್-51ಡಿ ಹಾರಿಸಿ. ಅದಕ್ಕೆ ಆಯುಧವಿಲ್ಲ, ಹಾಗಾಗಿ ಹಾರುವುದನ್ನೇ ಕಲಿಯುತ್ತೀರಿ. ದುಡ್ಡು ಕೊಟ್ಟು ಕೊಳ್ಳುವ ಫೈಟರುಗಳು ಒಂದೊಂದೂ ತಿಂಗಳುಗಟ್ಟಲೆಯ ಓದು. ಹೊಸಬರಿಗೆ ಅಲ್ಲ.

ಕಂಪ್ಯೂಟರ್ ತೀರಾ ಹಳೆಯದಾದರೆ ಬ್ರೌಸರಿನಲ್ಲೇ ನಡೆಯುವ ಜಿಯೋಎಫ್ಎಸ್ ಉಂಟು. ಗೂಗಲ್ ಅರ್ಥ್ ಪ್ರೊ ಒಳಗೂ ಒಂದು ಸಣ್ಣ ಸಿಮ್ಯುಲೇಟರ್ ಅಡಗಿದೆ. ಕಂಟ್ರೋಲ್, ಆಲ್ಟ್, ಎ ಒತ್ತಿ ನೋಡಿ. ಮೊಬೈಲಿನಲ್ಲಿ ಇನ್ಫಿನಿಟ್ ಫ್ಲೈಟ್ ಚೆನ್ನಾಗಿದೆ, ಆದರೆ ಜಗತ್ತೆಲ್ಲ ಹಾರಬೇಕಾದರೆ ತಿಂಗಳ ಚಂದಾ.

## ಹಂತ 5: ಜಾಯ್‌ಸ್ಟಿಕ್

ಕೀಬೋರ್ಡಿನಲ್ಲಿ ಒಂದೋ ಪೂರ್ತಿ ಒತ್ತಿದ ಹಾಗೆ, ಇಲ್ಲವೋ ಏನೂ ಒತ್ತದ ಹಾಗೆ. ವಿಮಾನಕ್ಕೆ ಬೇಕಾದದ್ದು ಅವೆರಡರ ನಡುವಿನದ್ದು. ಎರವಲು ತಂದ ಗೇಮ್‌ಪ್ಯಾಡಿನಲ್ಲಿ ಆರನೇ ಹಂತದ ಪರೀಕ್ಷೆ ಮುಗಿಸಬಹುದು. ಹವ್ಯಾಸ ಗಟ್ಟಿಯಾಗಿದೆ ಎನಿಸಿದಾಗ ಜಾಯ್‌ಸ್ಟಿಕ್ ಕೊಳ್ಳಿ.

ಕೊಳ್ಳುವಾಗ ನೋಡಬೇಕಾದ ಮೊದಲ ಗುಣ: ಹಿಡಿಯನ್ನು ಎಡಬಲಕ್ಕೆ ತಿರುಚಲು ಬರಬೇಕು. ಅದೇ ನಿಮ್ಮ ರಡ್ಡರ್. ಇದಿಲ್ಲದ ಕೋಲು ಎಷ್ಟು ಅಗ್ಗವಾದರೂ ಬೇಡ. ಬುಡದಲ್ಲಿ ಥ್ರಾಟಲಿನ, ಅಂದರೆ ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ, ಸಣ್ಣ ಲಿವರ್ ಇರಲಿ. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ, ಥ್ರಸ್ಟ್‌ಮಾಸ್ಟರ್ ಟಿ.16000ಎಂ ಎರಡರಲ್ಲೂ ಇವೆ. ಎರಡನೆಯದರ ಕೋಲಿನಲ್ಲಿ ಹಾಲ್ ಸೆನ್ಸರ್ ಇದೆ. ಅಂದರೆ ಒಳಗೆ ಒಂದಕ್ಕೊಂದು ಉಜ್ಜುವ ಭಾಗವಿಲ್ಲ, ಅಯಸ್ಕಾಂತದಿಂದ ಅಳತೆ. ಉಜ್ಜುವ ಸೆನ್ಸರಿನವು ಕಾಲಕ್ರಮೇಣ ಸವೆದು, ಕೈ ಮುಟ್ಟದಿದ್ದರೂ ವಿಮಾನ ನಡುಗತೊಡಗುತ್ತದೆ. ಕಡಲ ಬದಿಯ ಥಂಡಿ ಹವೆಯಲ್ಲಿ ಬಳಸದಾಗ ಮುಚ್ಚಿಡುವುದು ಒಳ್ಳೆಯದು.

ಗಲ್ಫಿನಲ್ಲಿರುವ ಅಣ್ಣನಿಗೆ "ಒಂದು ಜಾಯ್‌ಸ್ಟಿಕ್ ತಾ" ಎಂದಷ್ಟೇ ಹೇಳಿದರೆ ಅಂಗಡಿಯವ ಕೊಟ್ಟದ್ದು ಬರುತ್ತದೆ. ಮಾದರಿಯ ಹೆಸರು, ಯಾವ ಯಂತ್ರಕ್ಕೆ ಎಂಬುದು ಎರಡನ್ನೂ ಬರೆದು ಕಳಿಸಿ. ಎಕ್ಸ್‌ಬಾಕ್ಸ್ ಇರುವವರು ಹೆಚ್ಚು ಎಚ್ಚರದಿಂದಿರಬೇಕು. ಟಿ.16000ಎಂ ಕಂಪ್ಯೂಟರಿಗೆ ಮಾತ್ರ, ಎಕ್ಸ್‌ಬಾಕ್ಸಿನಲ್ಲಿ ನಡೆಯುವುದಿಲ್ಲ. ಅದಕ್ಕೆ ಅದೇ ಕಂಪನಿಯ ಟಿ.ಫ್ಲೈಟ್ ಹೋಟಾಸ್ ಒನ್ ಬೇಕು. ಹೊರಗಿನಿಂದ ತಂದದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದಾ ಎಂದು ಮೊದಲೇ ವಿಚಾರಿಸಿ.

ಜೋಡಿಸಿದ ಮೇಲೆ ಕೋಲು ಮುಟ್ಟದೆ ಸೆಟ್ಟಿಂಗ್ ಪುಟ ನೋಡಿ. ಗೆರೆ ನಡುವಿನಲ್ಲಿ ಅಲುಗಾಡುತ್ತಿದ್ದರೆ ಡೆಡ್ ಝೋನ್ (ಕೋಲಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಜಾಗ) ಸ್ವಲ್ಪವೇ ಹೆಚ್ಚಿಸಿ, ಅಲುಗಾಟ ನಿಂತಲ್ಲಿಗೆ ಸಾಕು. ಹೆಚ್ಚಾದರೆ ಕೋಲು ಅಲ್ಲಾಡಿಸಿದರೂ ವಿಮಾನ ಕೇಳುವುದಿಲ್ಲ. ಕಾಲಿನ ಪೆಡಲ್, ಯೋಕ್ (ಸ್ಟಿಯರಿಂಗಿನಂಥ ಹಿಡಿ), ವಿಆರ್ ಕನ್ನಡಕ ಎಲ್ಲ ಸದ್ಯಕ್ಕೆ ದೂರ ಇರಲಿ.

## ಹಂತ 6: ಸೆಸ್ನಾ ಪರೀಕ್ಷೆ

ಯಾವುದೇ ಸಿಮ್ಯುಲೇಟರ್ ಇರಲಿ, ಅದು ನೈಜವೋ ಅಲ್ಲವೋ ಎಂದು ನೀವೇ ನೋಡಬಹುದು. ಮೊದಲ ಕೆಲಸ: ಅಸಿಸ್ಟೆನ್ಸ್ ಎಂಬ ಮೆನುವಿನ ಸಹಾಯಗಳನ್ನೆಲ್ಲ ಆಫ್ ಮಾಡಿ. ಆಟೊ ರಡ್ಡರ್ ಆನ್ ಇಟ್ಟುಕೊಂಡು "ಇದು ಸುಲಭ ಉಂಟು, ರಿಯಲಿಸ್ಟಿಕ್ ಅಲ್ಲ" ಎಂದು ತೀರ್ಪು ಕೊಡುವವರು ಧಾರಾಳ.

ಮಂಗಳೂರಿನ 24ನೇ ರನ್‌ವೇ ತುದಿಯಲ್ಲಿ ನಿಲ್ಲಿ, ಮೂಗು ನೈಋತ್ಯಕ್ಕೆ, ಕಡಲ ಕಡೆಗೆ (24 ಎಂದರೆ ದಿಕ್ಸೂಚಿಯಲ್ಲಿ ಸುಮಾರು 240 ಡಿಗ್ರಿ). ಉದ್ದ 2,450 ಮೀಟರ್. ಸೆಸ್ನಾಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು.

ಓಟ. ಥ್ರಾಟಲನ್ನು ನಿಧಾನವಾಗಿ ಪೂರ್ತಿ ಮುಂದೆ ತಳ್ಳಿ. ಮೂಗು ಎಡಕ್ಕೆ ಎಳೆಯಬೇಕು. ಪ್ರೊಪೆಲರ್ ಸುತ್ತಿಸಿ ಹಿಂದಕ್ಕೆ ಎಸೆಯುವ ಗಾಳಿ ಬಾಲದ ಎಡಬದಿಗೆ ಬಡಿಯುತ್ತದೆ, ಎಂಜಿನ್ನಿನ ತಿರುಚುಬಲವೂ ಸೇರುತ್ತದೆ. ಬಲ ರಡ್ಡರ್ ಕೊಟ್ಟು ನಡುಗೆರೆಯಲ್ಲಿ ಇಟ್ಟುಕೊಳ್ಳಿ. ಎಡಕ್ಕೆ ಎಳೆಯದೆ ನೇರ ಓಡಿದರೆ ಸಹಾಯ ಇನ್ನೂ ಆನ್ ಇದೆ, ಅಥವಾ ಆಟ ಮಕ್ಕಳದ್ದು. 55 ನಾಟ್‌ಗೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಮೂಗೆತ್ತಿ, ಸುಮಾರು 74 ನಾಟ್‌ನಲ್ಲಿ ಏರಿ.

ಟ್ರಿಮ್, ಅಂದರೆ ಕೋಲನ್ನು ಹಿಡಿದೇ ಇರಬೇಕಾಗದ ಹಾಗೆ ಹೊಂದಿಸುವುದು. ಎರಡು ಸಾವಿರ ಅಡಿಯಲ್ಲಿ ಮಟ್ಟಕ್ಕೆ ಬಂದು, ಕೈ ಬಿಟ್ಟರೂ ವಿಮಾನ 100 ನಾಟ್‌ನಲ್ಲಿ ನಿಲ್ಲುವ ಹಾಗೆ ಟ್ರಿಮ್ ಚಕ್ರ ತಿರುಗಿಸಿ. ಈಗ ಕೋಲು ಮುಟ್ಟದೆ ಥ್ರಾಟಲ್ ಮಾತ್ರ ಹೆಚ್ಚಿಸಿ. ವೇಗ ಏರುತ್ತದೆ ಎಂದು ನಿಮಗೆ ಅನಿಸುತ್ತದೆ. ನಿಜವಾದ ವಿಮಾನ ಮೂಗೆತ್ತಿ ಮೇಲೇರುತ್ತದೆ, ವೇಗ ಮೊದಲಿನ ಆಸುಪಾಸಿಗೇ ಬಂದು ನಿಲ್ಲುತ್ತದೆ. ಕಡಿಮೆ ಮಾಡಿದರೆ ಅದೇ ವೇಗದಲ್ಲಿ ಇಳಿಯುತ್ತದೆ. ಆಟಗಳ ನಡುವಿನ ವ್ಯತ್ಯಾಸ ಹಿಡಿಯಲು ನನಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಗೊತ್ತಿಲ್ಲ. ಕಾರು ಓಡಿಸಿದ ಹಾಗೆ ಬರೀ ವೇಗ ಏರಿದರೆ ಆ ಆಟ ಮುಚ್ಚಿಡಿ.

ಸ್ಟಾಲ್, ಅಂದರೆ ರೆಕ್ಕೆಗೆ ವಿಮಾನವನ್ನು ಎತ್ತಿಹಿಡಿಯಲಾಗದ ಸ್ಥಿತಿ. ಮೂರು ಸಾವಿರ ಅಡಿಗೆ ಏರಿ, ಥ್ರಾಟಲ್ ಪೂರ್ತಿ ಹಿಂದೆ. ಎತ್ತರ ಇಳಿಯದ ಹಾಗೆ ಕೋಲನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಇರಿ. 50 ನಾಟ್ ಆಸುಪಾಸಿನಲ್ಲಿ ಎಚ್ಚರಿಕೆಯ ಪೀಪಿ ಕೇಳಬೇಕು, ಹಿಡಿತ ಸಡಿಲವಾಗಬೇಕು, ಮೂಗು ತಾನೇ ಕುಸಿಯಬೇಕು, ಕಡೇಪಕ್ಷ ವಿಮಾನ ನಡುಗುತ್ತಾ ಎತ್ತರ ಕಳೆದುಕೊಳ್ಳಬೇಕು. ಕೋಲು ಸಡಿಲಿಸಿ, ಥ್ರಾಟಲ್ ಕೊಟ್ಟರೆ ಮತ್ತೆ ಹಾರಬೇಕು.

ಅಡ್ಡಗಾಳಿ. ಹವಾಮಾನದ ಪುಟದಲ್ಲಿ 330 ಡಿಗ್ರಿಯಿಂದ 10 ನಾಟ್ ಗಾಳಿ ಹಾಕಿ. 24ನೇ ರನ್‌ವೇಗೆ ಅದು ಸರಿಯಾಗಿ ಬಲಬದಿಯಿಂದ ಬೀಸುತ್ತದೆ. ಇಳಿಯಲು ಬರುವಾಗ ಎಡಕ್ಕೆ ತೇಲದಿದ್ದರೆ ಗಾಳಿ ಬರೀ ಚಿತ್ರದಲ್ಲಿ ಉಂಟು ಎಂದಾಯಿತು.

ಇಳಿಯದೆ ಮೇಲೇರುವುದು. ಸೆಸ್ನಾದಲ್ಲಿ ಕೊನೆಯ ಹಂತದ ವೇಗ ಸುಮಾರು 65 ನಾಟ್. ಬೇಕೆಂದೇ ಎತ್ತರವಾಗಿ, ವೇಗವಾಗಿ ಬನ್ನಿ. ಆಮೇಲೆ ಇಳಿಯುವುದನ್ನು ಕೈಬಿಟ್ಟು ಪೂರ್ತಿ ಥ್ರಾಟಲ್ ಕೊಟ್ಟು ಮೇಲೇರಿ, ಫ್ಲ್ಯಾಪ್ (ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಬಾಗಿಸುವ ಹಲಗೆ) ಹಂತಹಂತವಾಗಿ ತೆಗೆಯಿರಿ. ಹೊಸಬರು ಇದನ್ನೊಂದು ಕಲಿಯುವುದೇ ಇಲ್ಲ, ಹೇಗಾದರೂ ಕೆಳಗೆ ಹಾಕಲು ನೋಡುತ್ತಾರೆ. 2010ರ ಮೇ 22ರಂದು ಇದೇ 24ನೇ ರನ್‌ವೇಯಲ್ಲಿ ವಿಮಾನ ತುದಿ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಹೋದರು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಿಗೆ ಆ ಬೆಳಗ್ಗೆಯ ಬಗ್ಗೆ ಹೇಳಬೇಕಾಗಿಲ್ಲ. ಸರಿಯಾದ ದಾರಿಯಲ್ಲಿ ಬರದ ವಿಮಾನವನ್ನು ಸಹಪೈಲಟ್ ಹೇಳಿದರೂ ಮೇಲೆತ್ತದೆ ಇಳಿಸಲು ಹೋದದ್ದೇ ಕಾರಣ ಎಂದು ತನಿಖೆ ಹೇಳಿತು. ಆ ಅಪಘಾತವನ್ನು ಆಟದಲ್ಲಿ ಮಾಡಿ ತೋರಿಸುವ ವಿಡಿಯೊಗಳ ಗೊಡವೆ ಬೇಡ. ಮೇಲೇರುವ ಅಭ್ಯಾಸ ಸಾಕು.

ಇಷ್ಟು ಪಾಸಾದ ಮೇಲೆ ಒಂದು ಸಂಜೆ ಊರಿನ ಮೇಲೆ ಹೊರಡಿ. ಮಂಗಳೂರಿನಿಂದ ಬೇಕಲಕ್ಕೆ ಸುಮಾರು 64 ಕಿಲೋಮೀಟರ್, ಸೆಸ್ನಾದಲ್ಲಿ ಇಪ್ಪತ್ತು ನಿಮಿಷ. ನಕ್ಷೆ ಮುಚ್ಚಿಡಿ. ಎಡಕ್ಕೆ ರೈಲು ಹಳಿ ಮತ್ತು 66ನೇ ಹೆದ್ದಾರಿ, ಬಲಕ್ಕೆ ಕಡಲು. ನೇತ್ರಾವತಿ ದಾಟಿದ ಮೇಲೆ ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್ ಹೊಳೆಗಳ ಅಳಿವೆಗಳನ್ನು ಒಂದೊಂದಾಗಿ ಎಣಿಸಿಕೊಂಡು ಹೋಗಿ. ಚಂದ್ರಗಿರಿ ಬಂದಾಗ ಗೊತ್ತಾಗದೆ ಇರುವುದಿಲ್ಲ. ಈ ದಾರಿ ಯಾವ ಆಟದಲ್ಲಿ ನಿಮಗೆ ಗುರುತು ಸಿಕ್ಕಿತು, ಯಾವುದರಲ್ಲಿ ಸಿಗಲಿಲ್ಲ ಎಂದು ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟಿನಲ್ಲೂ ಅತಿಯಾದ ನಿರೀಕ್ಷೆ ಬೇಡ. ದೊಡ್ಡ ನಗರಗಳ ಹಾಗೆ ಸುತ್ತಲಿನಿಂದ ಚಿತ್ರ ತೆಗೆದು ಕಟ್ಟದ ಊರುಗಳಲ್ಲಿ ಕಟ್ಟಡಗಳನ್ನು ಕಂಪ್ಯೂಟರೇ ಅಂದಾಜಿನಲ್ಲಿ ನಿಲ್ಲಿಸುತ್ತದೆ. ಮಧೂರು ದೇವಸ್ಥಾನದ ಗಜಪೃಷ್ಠದ ಮಾಡನ್ನು ಹುಡುಕಲು ಹೋಗಿ ಯಾವುದೋ ಫ್ಲ್ಯಾಟಿನಂಥದ್ದು ಸಿಕ್ಕರೆ ಆಶ್ಚರ್ಯವಿಲ್ಲ.

## ಹಂತ 7: ಈಗ ಕೊಳ್ಳಿ

ಬರೆದಿಟ್ಟ ಕಾಗದ ತೆಗೆಯಿರಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು ಏನೂ ಕೊಳ್ಳಬೇಕಾಗಿಲ್ಲ, ಫ್ಲೈಟ್‌ಗಿಯರಿನಲ್ಲೇ ಮುಂದುವರಿಯಿರಿ, ಉಳಿದ ದುಡ್ಡಿಗೆ ಜಾಯ್‌ಸ್ಟಿಕ್. ಕಾರ್ಡ್ ಇದ್ದು ನೆಟ್ ಸಾಧಾರಣ, ಡೆಮೊ ಪರೀಕ್ಷೆ ಪಾಸು ಎಂದಾದರೆ ಎಕ್ಸ್-ಪ್ಲೇನ್. ಕಾರ್ಡ್ ಮತ್ತು ನೆಟ್ ಎರಡೂ ಗಟ್ಟಿ ಇದ್ದರೆ ಮೈಕ್ರೋಸಾಫ್ಟ್ 2024. ಕಾಸರಗೋಡಿನ ಹಳ್ಳಿಗಳಲ್ಲಿ ಕೂತ ಹೊಸಬರಲ್ಲಿ ಹೆಚ್ಚಿನವರಿಗೆ ಎಕ್ಸ್-ಪ್ಲೇನೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಚಂದದಲ್ಲಿ ಅದು ಎರಡನೆಯದು, ಆದರೆ ಮಳೆಗಾಲದ ರಾತ್ರಿ ನೆಟ್ ಹೋದಾಗಲೂ ಹಾರುತ್ತದೆ.

ಮೈಕ್ರೋಸಾಫ್ಟಿನದ್ದನ್ನು ನೇರ ಕೊಳ್ಳುವ ಬದಲು, ಚಂದಾ ಕಟ್ಟಿದರೆ ಹಲವು ಆಟ ಕೊಡುವ ಅವರದ್ದೇ ಗೇಮ್ ಪಾಸಿನ ಪಟ್ಟಿಯಲ್ಲಿ ಈಗಲೂ ಉಂಟಾ ಎಂದು ನೋಡಿಕೊಂಡು ಒಂದು ತಿಂಗಳ ಚಂದಾ ಕಟ್ಟಿ ಪ್ರಯತ್ನಿಸಿ. ತಿಂಗಳ ಕೊನೆಗೆ ಚಂದಾ ರದ್ದು ಮಾಡಲು ಫೋನಿನಲ್ಲಿ ನೆನಪು ಇಟ್ಟುಕೊಳ್ಳಿ. ಡಿಲಕ್ಸ್, ಪ್ರೀಮಿಯಂ ಆವೃತ್ತಿಗಳಲ್ಲಿ ಇರುವುದು ಹೆಚ್ಚಿನ ವಿಮಾನಗಳು. ಸೆಸ್ನಾ ಇಳಿಸಲು ಬಾರದವನಿಗೆ ಅವು ಯಾಕೆ?

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡರೆ ರೂಪಾಯಿಯಲ್ಲೇ ಬೆಲೆ, ಯುಪಿಐಯಲ್ಲೇ ಪಾವತಿ. ಕೊಂಡು 14 ದಿನದ ಒಳಗೆ, ಆಡಿದ ಹೊತ್ತು 2 ಗಂಟೆಯ ಒಳಗಿದ್ದರೆ ದುಡ್ಡು ವಾಪಸ್ ಕೇಳಬಹುದು. ಇಲ್ಲೊಂದು ಗುಂಡಿ ಉಂಟು. 2020ರ ಮೈಕ್ರೋಸಾಫ್ಟ್ ಆಟ ಸ್ಟೀಮಿನ ಮೂಲಕ ಸ್ವಲ್ಪವೇ ಇಳಿಯುತ್ತದೆ. ಉಳಿದದ್ದೆಲ್ಲ ಆಟ ತೆರೆದ ಮೇಲೆ ಅದರೊಳಗೇ ಇಳಿಯುತ್ತದೆ, ಆ ಹೊತ್ತನ್ನೂ ಸ್ಟೀಮ್ ಆಡಿದ ಹೊತ್ತೆಂದೇ ಎಣಿಸುತ್ತದೆ. 10 ಎಂಬಿಪಿಎಸ್ ಲೈನಿನಲ್ಲಿ ರನ್‌ವೇ ಕಾಣುವ ಮೊದಲೇ ಆ ಎರಡು ಗಂಟೆ ಮುಗಿದಿರುತ್ತದೆ.

ದುಬಾಯಿಯಲ್ಲಿರುವವರು ಗಿಫ್ಟ್ ಕಳಿಸುತ್ತೇನೆಂದರೆ, ಎರಡು ದೇಶಗಳ ಬೆಲೆಯಲ್ಲಿ ಅಂತರ ಹೆಚ್ಚಿದ್ದಾಗ ಸ್ಟೀಮ್ ಬಿಡದಿರಬಹುದು. ಅವರ ಖಾತೆಯಲ್ಲೇ ಕೊಂಡರೆ ಆಟ ಅವರದ್ದು, ಪಾಸ್‌ವರ್ಡ್ ಕೇಳಿಕೊಂಡು ಆಡಬೇಕು. ನಿಮ್ಮ ಖಾತೆಗೆ ನಿಮ್ಮ ಯುಪಿಐಯಿಂದ ಕೊಂಡು, ಅವರಿಂದ ದುಡ್ಡು ಹಾಕಿಸಿಕೊಳ್ಳುವುದು ಸಲೀಸು.

ಇವನ್ನು ಕಂಡರೆ ದೂರ ಸರಿಯಿರಿ: ಪೆನ್‌ಡ್ರೈವಿನಲ್ಲಿ ಬರುವ "ಕ್ರ್ಯಾಕ್" ಪ್ರತಿ. ನೆಟ್ಟಿನ ಚಿತ್ರ ಸಿಗದೆ ಮೈಕ್ರೋಸಾಫ್ಟಿನ ಆಟ ಅರ್ಧ ಸತ್ತಂತಿರುತ್ತದೆ, ಮೇಲಿಂದ ವೈರಸ್. ಜಾಹೀರಾತಿನಲ್ಲಿ "ನೂರಾರು ವಿಮಾನ, ಇಪ್ಪತ್ತು ಸಾವಿರ ಏರ್‌ಪೋರ್ಟ್, ಇವತ್ತೊಂದೇ ದಿನ ರಿಯಾಯಿತಿ" ಎಂದು ನೀವು ಕೇಳದ ಹೆಸರಿನಲ್ಲಿ ಮಾರುವ ಸಿಮ್ಯುಲೇಟರ್. ಅಂಥವುಗಳಲ್ಲಿ ಕೆಲವು ಫ್ಲೈಟ್‌ಗಿಯರನ್ನೇ ಬೇರೆ ಹೆಸರಿಟ್ಟು ಮಾರಿದವು. ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಟ್ಟ ಹಾಗೆ.

ಹೆಚ್ಚುವರಿ ವಿಮಾನ, ಊರುಗಳನ್ನು ಮಾರುವ ಆಡ್-ಆನ್ ಅಂಗಡಿಗೆ ಹೋಗುವ ಮೊದಲು ಒಂದು ಷರತ್ತು ಇಟ್ಟುಕೊಳ್ಳಿ: ಮಂಗಳೂರಿನಿಂದ ಹೊರಟು, ಸುಮಾರು 150 ಡಿಗ್ರಿ ದಿಕ್ಕಿನಲ್ಲಿ 135 ಕಿಲೋಮೀಟರ್ ಹಾರಿ, ಕಣ್ಣೂರಿನ 3,050 ಮೀಟರ್ ರನ್‌ವೇಯಲ್ಲಿ ಆಟೊಪೈಲಟ್ ಮುಟ್ಟದೆ, ಅಡ್ಡಗಾಳಿಯಲ್ಲಿ, ನಡುಗೆರೆಯ ಮೇಲೆ ಇಳಿಯಬೇಕು. ಅದಾದ ಮೇಲೆ ಬೋಯಿಂಗ್ 737 ನೋಡೋಣ.